ಮಳೆಮರದ ಮೇಜು ನಿಂತಿತು: ಅವಸರ ಬೇಡ ಅಂದವರಿಗೆಲ್ಲ ಧನ್ಯವಾದ

ಮಳೆಮರದ ಊಟದ ಮೇಜು ಸಿದ್ಧವಾಗಿದೆ. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಿಂಚು ದಪ್ಪದ ಒಂದೇ ಹಲಗೆ. ಪಕ್ಕದ ಅಂಚುಗಳು ಮರದಲ್ಲಿ ಹೇಗಿದ್ದವೋ ಹಾಗೇ ಇವೆ. ಬಂದವರು ಮೇಲೆ ಕೈಯಾಡಿಸಿ ಪಾಲಿಶ್ ಹೊಗಳುತ್ತಾರೆ, ಸಂತೋಷ. ಆದರೆ ಬೇಸಿಗೆ, ಮಳೆಗಾಲ ಎರಡೂ ಕಳೆದರೂ ಹಲಗೆ ಡೊಂಕಾಗದೆ, ಸೀಳದೆ ಇರುವ ಪುಣ್ಯ ಒಂದೊಂದು ಹಂತದಲ್ಲೂ "ಈಗಲೇ ಬೇಡ", "ಹಾಗೆ ಬೇಡ" ಎಂದು ತಡೆದವರದು. ಅವರು ಏನನ್ನು ತಡೆದರು, ಯಾಕೆ ತಡೆದರು ಅನ್ನುವುದನ್ನೂ ಸೇರಿಸಿ ಬರೆಯುತ್ತಿದ್ದೇವೆ. ಬರೀ ಥ್ಯಾಂಕ್ಸ್ ಹೇಳಿ ಮುಗಿಸಿದರೆ ಮುಂದೆ ಇದೇ ಕೆಲಸಕ್ಕೆ ಕೈಹಾಕುವವರಿಗೆ ಏನೂ ಸಿಗುವುದಿಲ್ಲ.

ಮೊದಲು ಮೈಸೂರು ರಸ್ತೆಯ ಸಾಮಿಲ್ ಯಜಮಾನರಿಗೆ. ದಿಮ್ಮಿಯ ನಟ್ಟನಡುವಿನ ಹಲಗೆಯೇ ಕಣ್ಣಿಗೆ ಚೆಂದ. ಎಲ್ಲರೂ ಅದನ್ನೇ ಕೇಳುತ್ತಾರೆ, ಅವರು ಕೊಡುವುದಿಲ್ಲ. ಮರದ ನಟ್ಟನಡುವಿನ ಮೆದು ತಿರುಳು ಹಾದುಹೋದ ಹಲಗೆ ಒಣಗುತ್ತಾ ತಿರುಳಿನ ಗುಂಟವೇ ಬಿರಿಯುತ್ತದೆ. ಮರ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವಷ್ಟು ನಡುವಿನಿಂದ ಹೊರಕ್ಕೆ ಕುಗ್ಗುವುದಿಲ್ಲ. ಹಸಿ ಮಳೆಮರ ಪೂರ್ತಿ ಒಣಗುವಷ್ಟರಲ್ಲಿ ಮೊದಲನೆಯದು ಸುಮಾರು ಶೇ 3.4, ಎರಡನೆಯದು ಶೇ 2. ಬೇರೆ ಎಷ್ಟೋ ಮರಗಳಿಗೆ ಹೋಲಿಸಿದರೆ ಇದು ಕಡಿಮೆಯೇ, ಮಳೆಮರವನ್ನು ಅಗಲ ಹಲಗೆಗೆ ಆರಿಸುವುದೂ ಅದಕ್ಕೇ. ಆದರೂ ತಿರುಳು ಒಳಗಿದ್ದರೆ ಈ ಎಳೆದಾಟ ಮುಗಿಯುವುದು ಬಿರುಕಿನಲ್ಲೇ. ತಿರುಳು ಬಿಟ್ಟು ಅದರ ಪಕ್ಕದ್ದನ್ನು ಆರಿಸಿಕೊಟ್ಟವರು ಅವರು.

ಮೊಳೆಯ ಲೆಕ್ಕದಲ್ಲೂ ಅವರ ಋಣ ಇದೆ. ಬೆಂಗಳೂರಿನ ರಸ್ತೆಬದಿ ಮರಕ್ಕೆ ಟ್ಯೂಷನ್ ಬೋರ್ಡು, "ಮನೆ ಬಾಡಿಗೆಗೆ ಇದೆ" ಬೋರ್ಡು, ಕೇಬಲ್ ಹುಕ್ಕು ಎಲ್ಲ ಹೊಡೆದಿರುತ್ತಾರೆ. ಮರ ಅದನ್ನೆಲ್ಲ ನುಂಗಿ ಮೇಲೆ ತೊಗಟೆ ಬೆಳೆಸಿರುತ್ತದೆ. ಕೊಯ್ದ ಜಾಗದಲ್ಲಿ ನೀಲಿಗಪ್ಪು ಕಲೆ ಕಂಡರೆ ಹತ್ತಿರದಲ್ಲೇ ಕಬ್ಬಿಣವಿದೆ ಎಂದುಕೊಳ್ಳಿ, ಮರದಲ್ಲಿರುವ ಒಗರಿನ ಅಂಶ ಟ್ಯಾನಿನ್ ಕಬ್ಬಿಣಕ್ಕೆ ತಗುಲಿ ಬರುವ ಬಣ್ಣ ಅದು. ಅಲ್ಲಿನ ಹುಡುಗರು ಮೆಟಲ್ ಡಿಟೆಕ್ಟರ್ ಆಡಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟಿದ್ದರಿಂದ ಮರ ತುರಿಯುವ ರೌಟರ್ ಯಂತ್ರದ ಬಿಟ್ (ಅಲಗು) ಉಳಿಯಿತು. ಕೇಳುವ ಮೊದಲೇ ಬಿಲ್ಲೂ ಕೈಗೆ ಬಂತು. ಬಿದ್ದ ಮರ ತಾನೇ ಎಂದು ಕಾಗದವಿಲ್ಲದೆ ಟೆಂಪೋಗೆ ಏರಿಸುವವರು ಒಮ್ಮೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಬಗ್ಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಲಗೆ ಒಣಗಲೆಂದು ಸ್ಕೂಟರ್ ನಿಲ್ಲಿಸುವ ಜಾಗವನ್ನು ಅಷ್ಟು ಕಾಲ ಬಿಟ್ಟುಕೊಟ್ಟ ಓನರ್ ಆಂಟಿಗೆ ಎಷ್ಟು ಹೇಳಿದರೂ ಸಾಲದು. ನೆರಳಲ್ಲಿ ಒಣಗುವ ಹಲಗೆಗೆ ದಪ್ಪದ ಇಂಚಿಗೊಂದು ವರ್ಷ ಅನ್ನುವುದು ಹಳೆಯ ಅಂದಾಜು. ಅವಸರಕ್ಕೆ ಬಿಸಿಲಿಗೆ ಹಾಕಿದರೆ ಮೇಲ್ಮೈ ಮೊದಲು ಒಣಗಿ ಸಣ್ಣ ಸಣ್ಣ ಸೀಳು ಬಿಡುತ್ತದೆ. ಹಲಗೆಗಳನ್ನು ನೆಲದಿಂದ ಒಂದಡಿ ಮೇಲೆ ಪೇರಿಸಬೇಕು, ನಡುನಡುವೆ ಒಂದಿಂಚು ಚದರದ ಒಣ ಮರದ ಪಟ್ಟಿ, ಅಂದರೆ ರೀಪರ್‌ಗಳು ಒಂದೂವರೆ ಅಡಿಗೊಂದು, ಮೇಲಿನದು ಕೆಳಗಿನದರ ನೇರಕ್ಕೇ. ಸಾಲು ತಪ್ಪಿದ ಕಡೆ ಹಲಗೆ ಬಾಗಿಯೇ ಒಣಗುತ್ತದೆ. ಎರಡೂ ತುದಿಗೆ ಕೊಯ್ದ ದಿನವೇ ಮೇಣ ಅಥವಾ ದಪ್ಪನೆ ಎನಾಮೆಲ್ ಪೇಂಟ್ ಬೀಳಬೇಕು: ನೀರು ತುದಿಯಿಂದಲೇ ಬೇಗ ಆರುತ್ತದೆ, ನಡುಭಾಗ ಹಸಿಯಿರುವಾಗಲೇ ತುದಿ ಕುಗ್ಗಿ ಸೀಳುತ್ತದೆ. ತೊಗಟೆಯನ್ನೂ ಆಗಲೇ ಎಬ್ಬಿಸಿಬಿಡಿ. ಚೆಂದಕ್ಕೆಂದು ಉಳಿಸಿಕೊಂಡರೆ ಅದು ಮುಂದೆ ತಾನಾಗಿ ಕಳಚುತ್ತದೆ, ಅಲ್ಲಿಯವರೆಗೆ ಅದರಡಿ ಹುಳ ಸಂಸಾರ ಮಾಡುತ್ತದೆ. ಅಂಚಿನ ಬಿಳಿ ಭಾಗದಲ್ಲಿ ಗಂಜಿಯ ಅಂಶವಿರುವುದರಿಂದ ಕುಟ್ಟೆ ಹುಳ ಮೊದಲು ಹಿಡಿಯುವುದು ಅದನ್ನೇ. ಮೂರು ಪಾಲು ಬೊರಾಕ್ಸ್, ಎರಡು ಪಾಲು ಬೋರಿಕ್ ಆಸಿಡ್, ಎರಡೂ ಸೇರಿ ಲೀಟರ್ ಬಿಸಿನೀರಿಗೆ 50ರಿಂದ 60 ಗ್ರಾಂ ಕರಗಿಸಿ ಮರ ಹಸಿಯಿರುವಾಗಲೇ ಬಳಿಯಬೇಕು; ಒಣಗಿದ ಮೇಲೆ ಬಳಿದರೆ ಒಳಕ್ಕೆ ಇಳಿಯುವುದಿಲ್ಲ.

ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿ ಪಡೆದ ಗೆಳೆಯರೊಬ್ಬರು ಮಾಡಿದ ಉಪಕಾರ ಇನ್ನೊಂದು ಥರದ್ದು. ತೇವ ಅಳೆಯಲು ಪಿನ್ ಚುಚ್ಚುವ ಮೀಟರ್ ಹೇಳುವುದು ಮೇಲಿನ ಕೆಲವು ಮಿಲಿಮೀಟರ್‌ನ ಸುದ್ದಿ ಮಾತ್ರ. ಹೊರಗೆ ಶೇ 11 ತೋರಿಸಿದ ಹಲಗೆ ಒಳಗೆ 16 ಇರಬಹುದು, ಅದನ್ನು ಮಟ್ಟ ಮಾಡಿದರೆ ಕೆಲವೇ ತಿಂಗಳಲ್ಲಿ ಬಾಗುತ್ತದೆ. ಅವರು ಹೇಳಿಕೊಟ್ಟ ದಾರಿ: ಉದ್ದದಲ್ಲಿ ಹೆಚ್ಚುವರಿ ಇಟ್ಟ ಭಾಗದಿಂದ, ತುದಿಯ ಒಣಗಿದ ಒಂದಡಿ ಬಿಟ್ಟು ಒಂದು ಚೂರು ಕೊಯ್ದು ತೂಗಿ, ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ಗೆ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. 112 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ತೇವ ಶೇ 12. ಬೆಂಗಳೂರಿನ ಮನೆಯೊಳಗಿನ ಮೇಜಿಗೆ 10ರಿಂದ 12 ಸರಿ.

ಇನ್ನು ಮರಗೆಲಸದ ಆಚಾರ್ರು. ಹಲಗೆ ಮಟ್ಟ ಮಾಡುವ ರೌಟರ್ ಓಡಿಸಲು ಎರಡು ಬದಿಗೆ ರೇಲು, ಅದರ ಮೇಲೆ ಜಾರುವ ತೊಟ್ಟಿ ಮಾಡಿಕೊಳ್ಳುವುದು ಯಾರಿಗೂ ಬರುತ್ತದೆ. ಅದಕ್ಕೂ ಮೊದಲು ಹಲಗೆಯ ಎರಡು ತುದಿಗೆ ಎರಡು ನೇರ ಪಟ್ಟಿ ನಿಲ್ಲಿಸಿ, ಬಗ್ಗಿ, ಒಂದು ಕಣ್ಣು ಮುಚ್ಚಿ, ತಿರುಚು ಎಲ್ಲಿದೆ ನೋಡಿ, ಅಲ್ಲಾಡುವ ಮೂಲೆಗೆ ಬೆಣೆ ಕೊಟ್ಟವರು ಅವರು. ಬೆಣೆ ಇಲ್ಲದಿದ್ದರೆ ರೌಟರ್ ಭಾರಕ್ಕೆ ಹಲಗೆ ತಗ್ಗಿ, ಬಿಟ್ಟಾಗ ಮತ್ತೆ ಎದ್ದು, ಮಟ್ಟವೆಲ್ಲ ಸುಳ್ಳಾಗುತ್ತದೆ. ಒಂದು ಸಲಕ್ಕೆ ಒಂದೂವರೆ ಮಿಲಿಮೀಟರ್‌ಗಿಂತ ಆಳ ಬೇಡ. ಒಂದೇ ಮುಖದಿಂದ ತೆಗೆಯದೆ ಎರಡೂ ಮುಖದಿಂದ ಸಮನಾಗಿ ತೆಗೆಯಿರಿ, ಕೊನೆಯ ಪದರ ಬಾಕಿಯಿರುವಾಗ ರೀಪರ್ ಮೇಲೆ ವಾರವಾದರೂ ಬಿಡಿ. ಒಳಗಿನ ಬಿಗಿ ಸಡಿಲಾಗಿ ಹಲಗೆ ತುಸು ಕದಲಿದರೆ ಆ ಕೊನೆಯ ಪದರದಲ್ಲಿ ಸರಿಯಾಗುತ್ತದೆ.

ಹಲಗೆಯಲ್ಲಿ ಮೊದಲೇ ಇದ್ದ ಬಿರುಕು ಹಿಗ್ಗದಂತೆ ಅದಕ್ಕೆ ಅಡ್ಡಲಾಗಿ ಡಮರು ಆಕಾರದ ಹೊನ್ನೆ ತುಂಡು ಕೂರಿಸಿದ್ದೂ ಅವರದೇ ಕೈ. ತುಂಡಿನ ನಾರು ಬಿರುಕನ್ನು ಅಡ್ಡ ಹಾಯಬೇಕು. ಬಿರುಕಿನ ಗುಂಟ ಬಂದರೆ ಡಮರು ನಡುವಿನಲ್ಲೇ ಮುರಿಯುತ್ತದೆ. ಆಳ ಹಲಗೆಯ ದಪ್ಪದ ಅರ್ಧದ ಹತ್ತಿರ ಇರಲಿ. ಮೊದಲು ತುಂಡು ಮಾಡಿ, ಅದನ್ನೇ ಇಟ್ಟು ಚೂಪು ಚಾಕುವಿನಿಂದ ಗೆರೆ ಎಳೆದು ಗುಂಡಿ ತೋಡುತ್ತಾರೆ. ಪೆನ್ಸಿಲ್ ಗೆರೆಯ ದಪ್ಪವೇ ಸಂದಾಗುತ್ತದಂತೆ.

ಕೆಳಗೆ ಅಡ್ಡಪಟ್ಟಿ ಅಂಟಿಸಿ ಸ್ಕ್ರೂ ಬಿಗಿಯುವ ಸಲಹೆಗೆ ಅವರು ಕೊಟ್ಟ ಉತ್ತರ: "ಕಟ್ಟಿ ಹಾಕಿದ್ರೆ ಸೀಳ್ಕೊಳ್ಳತ್ತೆ ಸಾರ್, ಓಡಾಡೋಕೆ ಬಿಡಿ." ಲೆಕ್ಕ ಹಾಕಿದರೆ ಅವರ ಮಾತೇ ಸರಿ. ಮಾರ್ಚ್‌ನಿಂದ ಆಗಸ್ಟ್‌ಗೆ ಹಲಗೆಯ ತೇವ ಮೂರು ನಾಲ್ಕು ಅಂಶ ಏರಿದರೆ 760 ಮಿಲಿಮೀಟರ್ ಅಗಲದ ಮಳೆಮರ ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ತಡೆಯುವ ಅಂಟು ಇಲ್ಲ.

ಆ ಮೂರು ಮಿಲಿಮೀಟರ್‌ಗೆ ಜಾಗ ಮಾಡಿಕೊಟ್ಟವರು ವೆಲ್ಡಿಂಗ್ ಭಾಯಿ. 25×25 ಎಂಎಂ, 5 ಎಂಎಂ ದಪ್ಪದ ಎಲ್ ಆಕಾರದ ಕಬ್ಬಿಣದ ಆ್ಯಂಗಲ್‌ಗಳನ್ನು ಹಲಗೆಯ ಅಡಿಯಲ್ಲಿ ಅಡ್ಡಲಾಗಿ ಕಾಲುವೆಯಂತೆ ತೋಡಿದ ಗಾಡಿಯೊಳಗೆ ಇಳಿಸಿದ್ದೇವೆ. ನಡುವಿನ ತೂತು ಮಾತ್ರ ದುಂಡು. ಉಳಿದವನ್ನೆಲ್ಲ ಅವರು 20 ಎಂಎಂ ಉದ್ದಕ್ಕೆ, ಆ್ಯಂಗಲ್ ಉದ್ದದ ದಿಕ್ಕಿನಲ್ಲೇ ಕೊರೆದುಕೊಟ್ಟರು. 8 ಎಂಎಂ ಬೋಲ್ಟು, ಅಗಲ ವಾಷರ್, ಮರದೊಳಗೆ ಥ್ರೆಡ್ ಇನ್ಸರ್ಟ್ (ಬೋಲ್ಟು ತಿರುಗಿ ಕೂರುವ ಲೋಹದ ಕೊಳವೆ). ಎಲ್ಲವೂ ಎಸ್‌ಜೆಪಿ ರಸ್ತೆಯಲ್ಲಿ ಸಿಗುತ್ತವೆ. ಗಾಡಿ ಆ್ಯಂಗಲ್‌ಗಿಂತ ಎರಡೂ ಕಡೆ ಐದೈದು ಎಂಎಂ ಉದ್ದವಿರಲಿ, ಇಲ್ಲವಾದರೆ ಬೇಸಿಗೆಯಲ್ಲಿ ಕುಗ್ಗುವ ಮರ ಕಬ್ಬಿಣಕ್ಕೆ ಒತ್ತಿ ನಿಲ್ಲುತ್ತದೆ. ಕಾಲು 50×50ರ ಬಾಕ್ಸ್ ಪೈಪ್, ಒಟ್ಟು ಎತ್ತರ 30 ಇಂಚು.

ಬಿರುಕು ತುಂಬಲು ಎರಡು ದ್ರವ ಕಲಸಿ ಗಟ್ಟಿಯಾಗಿಸುವ ಎಪಾಕ್ಸಿ ಕೊಟ್ಟ ಅಂಗಡಿಯವರ ಒಂದೇ ಮಾತು ಸಾಕಾಯಿತು: ಡಬ್ಬದ ಮೇಲಿನ ಅನುಪಾತ ಗಾತ್ರದ್ದೋ ತೂಕದ್ದೋ ಮೊದಲು ನೋಡಿ. ಈ ಎರಡು ಲೆಕ್ಕವನ್ನು ಕಲಸುಮೇಲೋಗರ ಮಾಡಿದರೆ ಎಪಾಕ್ಸಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಬಿರುಕಿನ ಗೋಡೆಗೆ ಮೊದಲು ತೆಳುವಾಗಿ ಬಳಿದು, ಅದು ಬಿಗಿದ ಮೇಲೆ ತುಂಬಿಸಿ. ಹಾಗೆ ಮಾಡದಿದ್ದರೆ ಮರ ಗಾಳಿ ಬಿಡುತ್ತಲೇ ಇರುತ್ತದೆ, ಗುಳ್ಳೆ ನಿಲ್ಲುವುದಿಲ್ಲ.

ಪಾಲಿಶ್ ಮೇಸ್ತ್ರಿ ಮಳೆ ಬಿಡುವವರೆಗೆ ಡಬ್ಬವನ್ನೇ ತೆರೆಯಲಿಲ್ಲ. ಸ್ಯಾಂಡ್‌ಪೇಪರ್ 80, 120, 180, ಅಲ್ಲಿಗೆ ಸಾಕು. ಅದಕ್ಕಿಂತ ನುಣುಪಾದರೆ ಹಾರ್ಡ್‌ವ್ಯಾಕ್ಸ್ ಎಂಬ ಮೇಣ ಬೆರೆತ ಎಣ್ಣೆಯನ್ನು ಮರ ಸರಿಯಾಗಿ ಹೀರುವುದಿಲ್ಲ. ಒಂದೊಂದು ನಂಬರ್ ಮುಗಿದಾಗಲೂ ಮೊಬೈಲ್ ಟಾರ್ಚನ್ನು ಹಲಗೆಗೆ ಮಲಗಿಸಿ ಹಿಡಿಯುತ್ತಿದ್ದರು. ಹಿಂದಿನ ನಂಬರಿನ ಗೆರೆ ಉಳಿದಿದ್ದರೆ ಆ ಬೆಳಕಿನಲ್ಲಿ ಕಾಣುತ್ತದೆ, ಎಣ್ಣೆ ಬಿದ್ದ ಮೇಲೆ ಕಂಡರೆ ಪ್ರಯೋಜನವಿಲ್ಲ. ಮೇಲೆ ಎಷ್ಟು ಕೋಟೋ ಕೆಳಗೂ ಅಷ್ಟೇ; ಒಂದೇ ಮುಖ ಮುಚ್ಚಿದರೆ ಇನ್ನೊಂದರಿಂದ ತೇವ ಹೋಗಿ ಬಂದು ಹಲಗೆ ಬಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಕಟ್ಟಿ ಮೂಲೆಗೆಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಒಣಹಾಕಿ ಅಥವಾ ನೀರಲ್ಲಿ ಅದ್ದಿಡಿ.

ಕೊನೆಗೆ, ನಲವತ್ತು ಕೆಜಿ ದಾಟುವ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಕಂಬಳಿ ಸುತ್ತಿ, ಗೋಡೆಗೆ ಒಂದು ಗೀರೂ ಬೀಳದಂತೆ ಮೆಟ್ಟಿಲು ಹತ್ತಿಸಿದ ಪಕ್ಕದ ಬೀದಿಯ ಹುಡುಗರಿಗೆ. ದೀಪಾವಳಿ ಆಗುತ್ತಿದ್ದಂತೆ ಬೋಲ್ಟ್ ಒಂದು ಸುತ್ತು ನೋಡುವುದಿದೆ, ಊಟಕ್ಕೆ ಅವತ್ತೇ ಬನ್ನಿ.