ಮಗಳಿಗೊಂದು ಪತ್ರ: ಕಾರಿನ ಎಂಜಿನ್ ಕೂರಿಸಿ ಹಾರಲು ಹೊರಟವಳಿಗೆ

ಪ್ರೀತಿಯ ಪುಟ್ಟಿ,

ನೀನೇ ಕಟ್ಟುತ್ತಿರುವ ವಿಮಾನದ ರೆಕ್ಕೆಯ ಕೆಲಸ ಮುಗಿಯುತ್ತಾ ಬಂದಂತೆ ಎಂಜಿನ್ನಿನ ಮಾತು ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ವಿಮಾನದ ಎಂಜಿನ್ನಿನ ಬೆಲೆ ಕೇಳಿ ಸುಸ್ತಾದೆ, ಕಾರಿನದ್ದನ್ನೇ ಕೂರಿಸುತ್ತೇನೆ ಅಂತ ಬರೆದಿದ್ದೀಯ. ಬೇಡ ಅನ್ನುವುದಿಲ್ಲ. ಎಂಜಿನ್ ಬಿಚ್ಚಿ ಕಟ್ಟಿಯೇ ನಿನ್ನನ್ನು ಸಾಕಿದವಳು ನಾನು, ಬೇಡ ಅನ್ನಲು ನನಗೆ ಬಾಯಾದರೂ ಎಲ್ಲಿದೆ? ಆದರೆ ನೀನು ಕೊಟ್ಟ ಕಾರಣ ನನಗೆ ಒಪ್ಪಿಗೆಯಿಲ್ಲ. ಉಳಿತಾಯಕ್ಕೆ ಅಂತ ಹೊರಟರೆ ಉಳಿಸಿದ್ದೆಲ್ಲ ಗೇರ್‌ಬಾಕ್ಸು, ರೇಡಿಯೇಟರು, ಮೌಂಟು, ಎರಡನೇ ಬ್ಯಾಟರಿ ಅಂತ ಕರಗಿಹೋಗುತ್ತದೆ, ಜೊತೆಗೆ ವರ್ಷಗಳೂ. ಬೇಗ ಹಾರಬೇಕು ಅನ್ನುವ ಆಸೆಯಿದ್ದರೆ ಸಾಲ ಮಾಡಿಯಾದರೂ ವಿಮಾನದ್ದನ್ನೇ ತಗೋ. ಎಂಜಿನ್ ಜೊತೆ ಗುದ್ದಾಡುವುದೇ ಖುಷಿ ಅಂತಿದ್ದರೆ ಮಾತ್ರ ಮುಂದೆ ಓದು.

ಈ ಹುಚ್ಚು ಹೊಸದಲ್ಲ. ಅಮೆರಿಕದ ಮಿನ್ನೆಸೋಟದ ಬರ್ನಾರ್ಡ್ ಪೀಟೆನ್‌ಪೋಲ್ 1920ರ ದಶಕದ ಕೊನೆಯಲ್ಲೇ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಕೂರಿಸಿ ಎರಡು ಸೀಟಿನ ಮರದ ವಿಮಾನ ಹಾರಿಸಿದ್ದ. ಅದರ ಶಕ್ತಿ ಸುಮಾರು 40 ಎಚ್‌ಪಿ, ಅದೂ 2200 ಆರ್‌ಪಿಎಂನಲ್ಲೇ, ಅಂದರೆ ನಿಮಿಷಕ್ಕೆ 2200 ಸುತ್ತಿನಲ್ಲೇ. ಅಷ್ಟು ನಿಧಾನಕ್ಕೆ ತಿರುಗುವ ಕ್ರ್ಯಾಂಕ್‌ಗೆ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ, ಪ್ರೊಪೆಲ್ಲರನ್ನು ನೇರವಾಗಿಯೇ ಬೋಲ್ಟ್ ಮಾಡಬಹುದಿತ್ತು. ಆಮೇಲೆ ಫೋಕ್ಸ್‌ವ್ಯಾಗನ್ ಬೀಟಲ್, ಶೆವ್ರೊಲೆ ಕಾರ್ವೇರ್ ಎಂಜಿನ್‌ಗಳು ಬಂದವು. ಎರಡೂ ಗಾಳಿಯಲ್ಲೇ ತಣಿಯುವಂಥವು, ರೇಡಿಯೇಟರಿನ ಗೋಜಿಲ್ಲ.

ನೀನು ಆರಿಸಿರುವ ಈಗಿನ ಕಾಲದ ನಾಲ್ಕು ಸಿಲಿಂಡರಿನ ಎಂಜಿನ್ ಹಾಗಲ್ಲ. ಅದು ಪೂರ್ತಿ ಶಕ್ತಿ ಕೊಡುವುದು 5500ರ ಆಸುಪಾಸಿನಲ್ಲಿ. ಲೆಕ್ಕ ಹಾಕಿ ನೋಡು: 1.8 ಮೀಟರ್ ವ್ಯಾಸದ ಪ್ರೊಪೆಲ್ಲರ್ 2700ರಲ್ಲಿ ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 254 ಮೀಟರ್. ಅದೇ 5500ಕ್ಕೆ ಹೋದರೆ 518. ಶಬ್ದದ ವೇಗವೇ 340. ತುದಿ ಶಬ್ದವನ್ನು ದಾಟಿದರೆ ಅಬ್ಬರ ಏರುತ್ತದೆ, ಎಳೆತ ಬೀಳುತ್ತದೆ. ಹಾಗಾಗಿ ನಡುವೆ ವೇಗ ತಗ್ಗಿಸುವ ಗೇರ್‌ಬಾಕ್ಸೋ ಬೆಲ್ಟೋ ಬೇಕೇ ಬೇಕು. ನನಗೆ ಭಯವಿರುವುದು ಇಲ್ಲೇ.

ಸಿಲಿಂಡರ್ ಒಂದೊಂದು ಸಲ ಸಿಡಿದಾಗಲೂ ಕ್ರ್ಯಾಂಕ್ ಒಂದು ಏಟು ತಿನ್ನುತ್ತದೆ. ಕಾರಿನಲ್ಲಿ ಆ ಏಟನ್ನು ಫ್ಲೈವೀಲು, ಕ್ಲಚ್ಚಿನ ಸ್ಪ್ರಿಂಗುಗಳು ನುಂಗಿಕೊಳ್ಳುತ್ತವೆ. ವಿಮಾನದಲ್ಲಿ ಆಚೆ ತುದಿಗಿರುವುದು ಭಾರದ, ಉದ್ದನೆಯ ಪ್ರೊಪೆಲ್ಲರ್. ಅದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ನಡುವಿನ ಶಾಫ್ಟು ತಿರುಚಿಕೊಂಡು ಬಿಚ್ಚಿಕೊಳ್ಳುತ್ತಿರುತ್ತದೆ. ಯಾವುದೋ ಒಂದು ಆರ್‌ಪಿಎಂನಲ್ಲಿ ಎಂಜಿನ್ನಿನ ಏಟಿನ ತಾಳವೂ ಶಾಫ್ಟಿನ ತಿರುಚಿನ ತಾಳವೂ ಕೂಡಿಬಿಟ್ಟರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ತಿರುಚು ಏರುತ್ತಲೇ ಹೋಗುತ್ತದೆ. ಹೊರಗಿಂದ ನೋಡಿದರೆ ಎಲ್ಲ ನುಣ್ಣಗೆ ಓಡುತ್ತಿರುವ ಹಾಗೇ ಇರುತ್ತದೆ, ಒಳಗೆ ಗೇರಿನ ಹಲ್ಲು ಮುರಿಯುತ್ತಿರುತ್ತದೆ. ಆದ್ದರಿಂದ ಎಂಜಿನ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಮೂರನ್ನೂ ಬೇರೆಯವರು ನೂರಾರು ಗಂಟೆ ಒಟ್ಟಿಗೇ ಹಾರಿಸಿದ್ದಾರೆಯೇ ಅಂತ ವಿಚಾರಿಸಿಯೇ ಕೊಳ್ಳು. ಚೆನ್ನಾಗಿದೆ ಅಂತ ಆಮೇಲೆ ಪ್ರೊಪೆಲ್ಲರ್ ಒಂದನ್ನೇ ಬದಲಿಸಿದರೂ ತಾಳ ಬದಲಾಯಿತು ಅಂತಲೇ ಲೆಕ್ಕ. ಗೇರ್ ಇಲ್ಲದವರಿಗೂ ಪೂರ್ತಿ ನೆಮ್ಮದಿಯಿಲ್ಲ ಅನ್ನು: ಕೆಲವು ಕಾರ್ವೇರ್‌ಗಳಲ್ಲಿ ಕ್ರ್ಯಾಂಕೇ ಮುರಿದ ಮೇಲೆ, ಪ್ರೊಪೆಲ್ಲರಿನ ಭಾರ ಹೊರಲು ಅದರ ಪಕ್ಕಕ್ಕೆ ಐದನೇ ಬೇರಿಂಗ್ ಸೇರಿಸಿದರು.

ಎಂಜಿನ್ ತಡೆಯುತ್ತದೋ ಇಲ್ಲವೋ ಅಂತ ಕೇಳಿದ್ದೀಯ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಕಾರು ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ವಿಮಾನ ಏಳುವಾಗ ಪೂರ್ತಿ ಕೇಳುತ್ತದೆ, ಆಮೇಲೂ ಗಂಟೆಗಟ್ಟಲೆ ಮುಕ್ಕಾಲು ಪಾಲು. ಒಳ್ಳೆಯ ಪಿಸ್ಟನ್ನು, ಬೇರಿಂಗುಗಳು ಇದನ್ನು ತಡೆದುಕೊಳ್ಳುತ್ತವೆ. ಸೋಲುವುದು ಸುತ್ತಲಿನ ಸಾಮಾನು: ಹೋಸು, ಕ್ಲ್ಯಾಂಪು, ವೈರು, ಪಂಪು. ಬಿಸಿ ಅತಿ ಹೆಚ್ಚಾಗುವುದೂ ಗಾಳಿ ಅತಿ ಕಡಿಮೆ ಸಿಗುವ ಹೊತ್ತಿನಲ್ಲೇ, ಮೂತಿ ಮೇಲೆತ್ತಿ ನಿಧಾನಕ್ಕೆ ಏರುವಾಗ. ರೇಡಿಯೇಟರನ್ನು ಸುಮ್ಮನೆ ಗಾಳಿಗೆ ಒಡ್ಡಿದರೆ ಸಾಲದು. ಗಾಳಿ ಒಳಬಂದು ಅಗಲವಾಗಿ ಹರಡಿ ನಿಧಾನವಾಗುವ ನಾಳ ಬೇಕು, ಹೊರಹೋಗಲು ಧಾರಾಳ ದಾರಿಯೂ ಬೇಕು. ಒಳದಾರಿಯನ್ನೇ ದೊಡ್ಡದು ಮಾಡುತ್ತಾ ಹೋಗುವವರೇ ಹೆಚ್ಚು, ಹೊರದಾರಿ ಯಾರಿಗೂ ನೆನಪಾಗುವುದಿಲ್ಲ.

ಇನ್ನು ಕಿಡಿಯ ವಿಷಯ. ಹಳೇ ವಿಮಾನದ ಎಂಜಿನ್ನಿಗೆ ಕಿಡಿಯ ಕರೆಂಟನ್ನು ತಾನೇ ಹುಟ್ಟಿಸುವ ಎರಡು ಮ್ಯಾಗ್ನೆಟೊ, ಸಿಲಿಂಡರಿಗೆರಡು ಪ್ಲಗ್ಗು. ಬ್ಯಾಟರಿ ಸತ್ತರೂ ಅದು ಓಡುತ್ತದೆ. ನಿನ್ನದು ಕರೆಂಟು ಹೋದ ಕ್ಷಣ ನಿಲ್ಲುತ್ತದೆ. ಎರಡು ಬ್ಯಾಟರಿ, ಎರಡು ಪೆಟ್ರೋಲ್ ಪಂಪು ಹಾಕುತ್ತೇನೆ ಅಂದಿದ್ದೀಯ, ಸರಿ. ಆದರೆ ನೀನು ಕಳಿಸಿದ ನಕ್ಷೆಯಲ್ಲಿ ಎರಡರ ಅರ್ಥಿಂಗೂ ಒಂದೇ ಬೋಲ್ಟಿಗೆ ಬಂದು ಸೇರುತ್ತಿದೆ. ಆ ಬೋಲ್ಟು ಸಡಿಲವಾದರೆ ಎರಡಿದ್ದೂ ಏನು ಬಂತು? ಕಾರಿನ ಕಂಪ್ಯೂಟರನ್ನು ಹಾಗೇ ಬಳಸುವ ಆಲೋಚನೆಯನ್ನೂ ಬಿಡು. ಒಂದು ಸೆನ್ಸರ್ ಕೆಟ್ಟರೆ ಅದು ಎಂಜಿನ್ ಉಳಿಸಲು ಶಕ್ತಿ ತಗ್ಗಿಸುತ್ತದೆ. ರಸ್ತೆಯಲ್ಲಿ ಅದು ಜಾಣತನ. ಮರಗಳ ತುದಿ ದಾಟುತ್ತಿರುವಾಗ ನನಗೆ ಉಳಿಯಬೇಕಾದದ್ದು ಎಂಜಿನ್ ಅಲ್ಲ, ನೀನು.

ಮೂತಿಯ ಭಾರ ನಿನಗೇ ಗೊತ್ತು, ನೀರು ಎಣ್ಣೆ ತುಂಬಿಸಿಯೇ ತೂಗು. ಪೆಟ್ರೋಲ್ ಹರಿವನ್ನು ಮಾತ್ರ ಅಂದಾಜಿಗೆ ಬಿಡಬೇಡ. ವಿಮಾನದ ಮೂತಿಯನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಎಂಜಿನ್ನಿಗೆ ಸೇರುವ ಕೊಳವೆಯ ತುದಿ ಬಿಚ್ಚಿ ಅಳೆ. ಪಂಪಿನಲ್ಲಿ ಬರುವುದಾದರೆ ಪೂರ್ತಿ ಶಕ್ತಿಗೆ ಬೇಕಾದ್ದರ 125 ಶೇಕಡಾ, ತಾನಾಗಿ ಇಳಿದು ಬರುವುದಾದರೆ 150 ಶೇಕಡಾ ಸಿಗಬೇಕು.

ಅಮೆರಿಕದಲ್ಲಿ ಪರೀಕ್ಷಾ ಹಾರಾಟಕ್ಕೆ ಒಂದು ವಾಡಿಕೆಯಿದೆ: ಪ್ರಮಾಣಪತ್ರ ಪಡೆದ ಎಂಜಿನ್ ಮತ್ತು ಪ್ರೊಪೆಲ್ಲರಿನ ಜೋಡಿಗೆ 25 ಗಂಟೆ, ಉಳಿದವಕ್ಕೆ 40. ನಿನ್ನದು ಎರಡನೇ ಸಾಲು. ಆ ಗಂಟೆಗಳಲ್ಲಿ ಯಾರನ್ನೂ ಪಕ್ಕ ಕೂರಿಸಿಕೊಳ್ಳಬೇಡ, ನಾನೇ ಕೇಳಿದರೂ. ಏರುವಾಗ ಎಂಜಿನ್ ನಿಂತರೆ ಮೂತಿ ಇಳಿಸಿ ನೇರ ಮುಂದಕ್ಕೆ ಹೋಗು; ರನ್‌ವೇ ಹಿಂದೆಯೇ ಇದೆಯಲ್ಲ ಅನ್ನುವ ಆಸೆಗೆ ತಿರುಗಿಸಲು ಹೋದವರು ವೇಗ ಕಳೆದುಕೊಂಡು ಬೀಳುತ್ತಾರೆ.

ಗೇರ್‌ಬಾಕ್ಸಿಗೆ ಮುಂಗಡ ಕೊಡುವ ಮೊದಲು ಅದರ ಹಾರಾಟದ ಗಂಟೆಗಳ ದಾಖಲೆ ಕೇಳಿ ನನಗೂ ಒಂದು ಪ್ರತಿ ಕಳಿಸು. ಅರ್ಥಿಂಗ್ ಬದಲಿಸಿದ ಹೊಸ ನಕ್ಷೆಯನ್ನೂ. ಎಂಜಿನ್ ಕಟ್ಟುವ ವಾರ ನಾನೇ ಬರುತ್ತೇನೆ, ಹೆಡ್ ಬೋಲ್ಟುಗಳನ್ನು ಅಲ್ಲಿಯವರೆಗೆ ಮುಟ್ಟಬೇಡ.

ನಿನ್ನ ಅಮ್ಮ