‘ಒರಿಜಿನಲ್ ಥರ ಇಲ್ಲ’ ಅನ್ನುವವರ ಬಗ್ಗೆ ಒಂದು ಪತ್ರ

ಪ್ರೀತಿಯ ಸಿಂಚನಾ,

ನೀನು ಕಳಿಸಿದ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಮೊದಲ ಸಲ ಸಾಗರದಿಂದ ಶಿವಮೊಗ್ಗಕ್ಕೆ ಬರುವಾಗ ಬಸ್ಸಿನಲ್ಲಿ. ಎರಡನೇ ಸಲ ಮನೆಯಲ್ಲಿ, ಪೆನ್ಸಿಲ್ ಹಿಡಿದುಕೊಂಡು. ಬಸ್ಸಿನಲ್ಲಿ ಚೆನ್ನಾಗಿದೆ ಅನಿಸಿತು. ಪೆನ್ಸಿಲ್ ಕೈಗೆ ಬಂದ ಮೇಲೆ ತಕರಾರು ಶುರುವಾಯಿತು. ಫೋನ್ ಮಾಡಿದರೆ ನೀನು "ಹೌದು ಸರ್, ಹೌದು ಸರ್" ಅಂತ ಎಲ್ಲಕ್ಕೂ ಒಪ್ಪಿಕೊಂಡುಬಿಡುತ್ತೀಯ. ಅದಕ್ಕೇ ಕಾಗದ.

ನೀನು ಆರಿಸಿಕೊಂಡ ವಿಷಯ ಒಳ್ಳೆಯದು: ಬ್ರಿಟನ್ನಿನ ‘ಸ್ಕಿನ್ಸ್’ ಅನ್ನುವ ಟೀವಿ ಧಾರಾವಾಹಿಯನ್ನು ಅಮೆರಿಕದಲ್ಲಿ ಮತ್ತೆ ಮಾಡಿದಾಗ ಜನಕ್ಕೆ ಯಾಕೆ ಹಿಡಿಸಲಿಲ್ಲ ಅನ್ನುವುದು. ‘ಸ್ಕಿನ್ಸ್’ ಬ್ರಿಟನ್ನಿನ ಇ4 ಚಾನೆಲ್‌ನಲ್ಲಿ 2007ರ ಜನವರಿಯಲ್ಲಿ ಶುರುವಾಯಿತು. ಬ್ರಿಸ್ಟಲ್ ಊರಿನ ಹದಿನಾರು ಹದಿನೇಳರ ಹುಡುಗ ಹುಡುಗಿಯರ ಕಥೆ. 2013ರವರೆಗೆ ಏಳು ಸರಣಿ ಬಂತು. ಅಮೆರಿಕದ ಎಂಟಿವಿ ಅದನ್ನೇ ತನ್ನ ಜನಕ್ಕೆ ಅಂತ ಹೊಸದಾಗಿ ಮಾಡಿಸಿತು. 2011ರ ಜನವರಿ 17ಕ್ಕೆ ಶುರುವಾದದ್ದು ಹತ್ತೇ ಕಂತಿಗೆ ನಿಂತುಹೋಯಿತು. ನಿನಗೋಸ್ಕರ ನಾನೂ ಎರಡನ್ನೂ ನೋಡಿದೆ. "ಈ ವಯಸ್ಸಲ್ಲಿ ಇದೇನ್ರೀ ನೋಡ್ತಿದ್ದೀರಿ" ಅಂತ ಮನೆಯಲ್ಲಿ ಕೇಳಿಸಿಕೊಂಡದ್ದೂ ಆಯಿತು.

ಈಗ ತಕರಾರು. ಅಮೆರಿಕದ್ದನ್ನು ನೋಡಿದವರು ಏನಂದರು ಅನ್ನುವುದನ್ನು ನೀನು ಶ್ರದ್ಧೆಯಿಂದ ಒಟ್ಟು ಮಾಡಿದ್ದೀಯ. ನಕಲು ಅಂದವರು ಇಷ್ಟು, ಸಪ್ಪೆ ಅಂದವರು ಇಷ್ಟು, ನಟನೆ ಬರಲ್ಲ ಅಂದವರು ಇಷ್ಟು. ಕೊನೆಯಲ್ಲಿ ನೀನೂ ಅದನ್ನೇ ಅಂದಿದ್ದೀಯ. ಇದು ಮತ ಎಣಿಕೆ ಆಯಿತು ಮಾರಾಯ್ತಿ, ಬರಹ ಆಗಲಿಲ್ಲ.

ನನ್ನದೇ ಒಂದು ಕಥೆ ಹೇಳುತ್ತೇನೆ. ಬಹಳ ಹಿಂದೆ ಒಂದು ಚಾನೆಲ್‌ಗೆ ಹಿಂದಿ ಧಾರಾವಾಹಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದ್ದೆ. ದಿನಕ್ಕೊಂದು ಕಂತಿನ ಸಂಭಾಷಣೆ ಬರೆಯಬೇಕಿತ್ತು. ಯೋಚನೆ ಮಾಡುವುದಕ್ಕೆ ಪುರುಸೊತ್ತಿಲ್ಲ, ಅಲ್ಲಿದ್ದದ್ದನ್ನು ಇಲ್ಲಿಗೆ ಎತ್ತಿಡುತ್ತಿದ್ದೆ. ಮೂರನೇ ವಾರ ನಮ್ಮ ಸೋದರತ್ತೆ ಸಿಕ್ಕಿದರು. "ಚೆನ್ನಾಗಿಲ್ಲ ಕಣೋ" ಅಂದರು. ಯಾಕೆ ಅಂದೆ. "ಆ ಅತ್ತೆ ಪಾತ್ರ ಮಾಡೋಳಿಗೆ ನಟನೆ ಬರಲ್ಲ" ಅಂದರು. ಆಕೆ ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಪಳಗಿದ ನಟಿ. ನನಗೆ ಸಿಟ್ಟೇ ಬಂತು. ಆಮೇಲೆ ಕಾಫಿ ಕುಡಿಯುತ್ತಾ ಅತ್ತೆ ಸುಮ್ನೆ ಇನ್ನೊಂದು ಮಾತು ಅಂದರು. "ಅಲ್ಲ, ಅವಳು ಬೀಗದ ಕೈ ಗೊಂಚಲನ್ನ ಸೆರಗಿನ ತುದಿಗೆ ಯಾಕೆ ಕಟ್ಕೊಂಡು ಓಡಾಡ್ತಾಳೆ? ಸೊಂಟಕ್ಕೆ ಸಿಕ್ಕಿಸ್ಕೋಬಾರ್ದಾ?"

ನೋಡು, ಅಲ್ಲಿತ್ತು ತೊಂದರೆ. ಆ ಗೊಂಚಲನ್ನು ಹಿಂದಿಯಿಂದ ಹಾಗೇ ಎತ್ತಿ ತಂದವನು ನಾನು. ಪಾಪ, ಬೈಗುಳ ತಿಂದವಳು ಆಕೆ. ಸೋದರತ್ತೆಗೆ ಏನೋ ಸರಿಯಿಲ್ಲ ಅಂತ ಗೊತ್ತಾಗಿತ್ತು. ಎಲ್ಲಿ ಅಂತ ಗೊತ್ತಾಗದೆ ಕಣ್ಣೆದುರು ಕಂಡವಳ ಮೇಲೆ ಹಾಕಿದರು. ವೈದ್ಯರ ಹತ್ತಿರ ಹೋಗಿ "ಹೊಟ್ಟೆ ನೋವು" ಅನ್ನುತ್ತೇವಲ್ಲ, ಹಾಗೆ. ನೋವು ಸುಳ್ಳಲ್ಲ. ಆದರೆ ಜಾಗ ಹುಡುಕುವುದು ಕೈ ಇಟ್ಟು ಒತ್ತಿ ನೋಡುವವರ ಕೆಲಸ. ನೀನು ಕೈಯನ್ನೇ ಇಟ್ಟಿಲ್ಲ.

ಮೊದಲ ಕಂತಿನ ಮೊದಲ ದೃಶ್ಯ ತೆಗೆದುಕೋ. ಬ್ರಿಸ್ಟಲ್‌ನ ಟೋನಿ ನಿದ್ದೆಯಿಂದ ಏಳುತ್ತಾನೆ. ಹೊದಿಕೆಯ ಮೇಲೆ ಬೆತ್ತಲೆ ಗಂಡು ಹೆಣ್ಣಿನ ಮೈಯ ಚಿತ್ರ ಅಚ್ಚಾಗಿದೆ. ರಾತ್ರಿಯೆಲ್ಲ ಹೊರಗಿದ್ದ ತಂಗಿ ಎಫಿ ಮನೆಗೆ ಬರುತ್ತಿದ್ದಾಳೆ. ಅಪ್ಪನಿಗೆ ಗೊತ್ತಾಗಬಾರದು. ಟೋನಿ ಹಾಡನ್ನು ಜೋರಾಗಿ ಹಾಕುತ್ತಾನೆ, ಅಪ್ಪ ಕೂಗಾಡಿಕೊಂಡು ಮೇಲೆ ಬರುತ್ತಾನೆ, ತಂಗಿ ಒಳಗೆ ಸೇರಿಕೊಳ್ಳುತ್ತಾಳೆ. ಎರಡು ಮೂರು ನಿಮಿಷ ಅಷ್ಟೆ. ಅಷ್ಟರಲ್ಲೇ ಹುಡುಗ ಚಾಲಾಕಿ, ಸೊಕ್ಕಿನವನು, ತಂಗಿಗೆ ಮಾತ್ರ ಕರಗುವವನು ಅಂತ ಗೊತ್ತಾಗಿಬಿಡುತ್ತದೆ. ಅಮೆರಿಕದ ಟೋನಿಯೂ ಹಾಗೇ ಏಳುತ್ತಾನೆ, ಹಾಗೇ ಹಾಡು ಹಾಕುತ್ತಾನೆ. ತಂಗಿಯ ಹೆಸರು ಯೂರಾ ಅಂತಾಗಿದೆ. ಮುಂದೆ ಟೋನಿಯ ಗೆಳೆಯ ಸಿಡ್ ಬದಲು ಸ್ಟ್ಯಾನ್ಲಿ, ಅದೇ ಗುಂಪಿನ ಹುಡುಗಿ ಕ್ಯಾಸಿ ಬದಲು ಕೇಡಿ.

"ಮಕ್ಕಿಕಾಮಕ್ಕಿ ನಕಲು" ಅಂತ ಬರೆದಿದ್ದೀಯ. ಸರಿ. ಆದರೆ ನಾನೊಂದು ಕಿತಾಪತಿ ಮಾಡಿದೆ. ಬೇಕಂತಲೇ ಅಮೆರಿಕದ್ದನ್ನು ಮೊದಲು ನೋಡಿದೆ. ಮಾರನೇ ದಿನ ಬ್ರಿಟನ್ನಿನದು. ಬ್ರಿಸ್ಟಲ್‌ನ ಟೋನಿ ಕಣ್ಣು ಬಿಟ್ಟಾಗ ಒಂದೈದು ನಿಮಿಷ ಇವನೇ ಅವನನ್ನು ನಕಲು ಮಾಡುತ್ತಿದ್ದಾನೆ ಅನಿಸಿತು! ನೀನು ಪಿಯುಸಿಯಲ್ಲಿದ್ದಾಗ ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪಿಗೆ ಕಂಬಳಿ ಮುಚ್ಚಿಕೊಂಡು ಬ್ರಿಟನ್ನಿನದನ್ನು ನೋಡಿದವಳು. ನಿನಗೆ ಅದರ ಜೊತೆ ಆ ಹಾಸ್ಟೆಲ್, ಆ ಗೆಳತಿಯರು, ಆ ಹದಿನೇಳು ವರ್ಷ ಎಲ್ಲಾ ಅಂಟಿಕೊಂಡಿದೆ. ಅಮೆರಿಕದ್ದಕ್ಕೆ ಬೈದ ಬಹಳ ಜನರದ್ದೂ ಇದೇ ಕಥೆ. ಹೋಲಿಕೆ ಬರೀ ಎರಡು ಧಾರಾವಾಹಿಗಳ ನಡುವೆ ಅಲ್ವಲ್ಲ. ಇದನ್ನು ನಿನ್ನ ಲೇಖನದಲ್ಲಿ ಎಲ್ಲೂ ಹೇಳಿಲ್ಲ. ಕಂಬಳಿಯನ್ನೂ ಬರೆದಿಲ್ಲ. ನನಗೆ ಹೇಳಿದ್ದನ್ನು ಓದುವವರಿಗೆ ಯಾಕೆ ಹೇಳಲ್ಲ?

ಹಾಗಂತ ಐದು ನಿಮಿಷ ಕಳೆದ ಮೇಲೂ ನನಗೆ ಹಾಗೇ ಅನಿಸಲಿಲ್ಲ. ಬ್ರಿಟನ್ನಿನದೇ ಜೀವಂತ. ಯಾಕೆ ಅಂತ ಒತ್ತಿ ನೋಡಿದಾಗ ಸಿಕ್ಕಿದ್ದನ್ನು ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಹದಿನೆಂಟಕ್ಕೆ ಅಂಗಡಿಯಲ್ಲಿ ಮದ್ಯ ಕೊಳ್ಳಬಹುದು. ಅಮೆರಿಕದಲ್ಲಿ 21 ಆಗಬೇಕು. ಹದಿನೇಳರ ಹುಡುಗ ಪಾರ್ಟಿಯಲ್ಲಿ ಕುಡಿದರೆ ಬ್ರಿಸ್ಟಲ್‌ನಲ್ಲಿ ಅದು ಗೇಟಿನಿಂದ ಒಂದು ಹೆಜ್ಜೆ ಮುಂಚೆ ಒಳಗೆ ನುಗ್ಗಿದ ಹಾಗೆ. ಅಮೆರಿಕದಲ್ಲಿ ಕಾಂಪೌಂಡ್ ಹಾರಿದ ಹಾಗೆ. ಮಾಡುವುದು ಒಂದೇ, ಎದೆ ಹೊಡೆದುಕೊಳ್ಳುವ ರೀತಿ ಬೇರೆ. ಕಾರಿನದು ತಿರುಗುಮುರುಗು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 16ಕ್ಕೇ ಕಾರು ಓಡಿಸುತ್ತಾರೆ, ಬ್ರಿಟನ್ನಿನಲ್ಲಿ 17. ಬ್ರಿಸ್ಟಲ್‌ನ ಮಕ್ಕಳು ನಡೆದುಕೊಂಡೇ ಓಡಾಡುತ್ತಾರೆ. ಅದಕ್ಕೇ ಅವರ ಕೈಗೆ ಕಾರು ಸಿಕ್ಕಿದ್ದೇ ಒಂದು ತಮಾಷೆ, ಅದು ಹೋಗಿ ನೀರಿಗೆ ಬಿದ್ದದ್ದು ಇನ್ನೂ ದೊಡ್ಡ ತಮಾಷೆ. ಅಮೆರಿಕದಲ್ಲೂ ಕಾರು ನೀರಿಗೆ ಬೀಳುತ್ತದೆ. ಆದರೆ ಅಲ್ಲಿನ ಹುಡುಗರಿಗೆ ಕಾರು ಅಂದರೆ ನಮ್ಮಲ್ಲಿ ಸೈಕಲ್ ಇದ್ದ ಹಾಗೆ. ನಗು ಅರ್ಧಕ್ಕೆ ಇಳಿಯಿತು.

ಇನ್ನು ಬೈಗುಳ. ಬ್ರಿಟನ್ನಿನಲ್ಲಿ ರಾತ್ರಿ ಒಂಬತ್ತು ಆದ ಮೇಲೆ ಟೀವಿಯಲ್ಲಿ ಅಂಥ ಮಾತಿಗೆ ಅಡ್ಡಿ ಕಡಿಮೆ. ಈ ಹುಡುಗರು ಬೈದಾಡುವುದು ಸಿಟ್ಟಿನಿಂದಲ್ಲ. ನಮ್ಮ ಕಡೆ ಗೆಳೆಯರು ಮಾತಿಗೊಮ್ಮೆ ಒಂದು ಪದ ಸೇರಿಸುತ್ತಾರಲ್ಲ, ಉಸಿರು ಎಳೆದುಕೊಳ್ಳುವ ಹಾಗೆ, ಅದು. ಎಂಟಿವಿಯಲ್ಲಿ ಆ ಜಾಗಕ್ಕೆಲ್ಲ ಕತ್ತರಿ. ಕಣ್ಣು ಮುಚ್ಚಿ ಬರೀ ಕೇಳಿಸಿಕೋ. ಮಾತು ಓಡುತ್ತದೆ, ಎಡವುತ್ತದೆ, ಮತ್ತೆ ಓಡುತ್ತದೆ. ಹುಡುಗರ ಮಾತಿನ ಲಯವೇ ಹೋಗಿದೆ. ಅದನ್ನು ಕೇಳಿದ ಪ್ರೇಕ್ಷಕ "ನಟನೆ ಬರಲ್ಲ" ಅನ್ನುತ್ತಾನೆ. ನನ್ನ ಸೋದರತ್ತೆ ಅಂದ ಹಾಗೆಯೇ.

ಮಾಡಿದವರಿಗೆ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. ಬ್ರಿಟನ್ನಿನ ‘ಸ್ಕಿನ್ಸ್’ ಕಟ್ಟಿದ್ದು ಅಪ್ಪ ಮಗ, ಬ್ರಯಾನ್ ಎಲ್ಸ್ಲಿ ಮತ್ತು ಜೇಮಿ ಬ್ರಿಟೇನ್. ಬರೆಯುವ ತಂಡದಲ್ಲಿ ಎಳೆಯರನ್ನೇ ತುಂಬಿಕೊಂಡರು. ಅಮೆರಿಕದ್ದನ್ನು ನಡೆಸಿದವರೂ ಇದೇ ಎಲ್ಸ್ಲಿ. ಅಲ್ಲೂ ಹೊಸ ಮುಖದ ಹುಡುಗರನ್ನೇ ಹುಡುಕಿದರು. ಅಡುಗೆ ಭಟ್ಟರು ಅವರೇ, ಒಲೆ ಬೇರೆ. "ಅಮೆರಿಕದವರಿಗೆ ಸೂಕ್ಷ್ಮ ಇಲ್ಲ" ಅಂತ ಏಳನೇ ಪುಟದಲ್ಲಿ ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು.

ಗಲಾಟೆಯ ಭಾಗವನ್ನು ಬೇಗ ಮುಗಿಸಬಹುದಿತ್ತು. ಮೂರು ಪುಟ ಜಾಸ್ತಿ. ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಅನ್ನುವ ಪೋಷಕರ ಸಂಘ ಅಮೆರಿಕದ್ದನ್ನು ಮಕ್ಕಳಿಗೆ ಅತಿ ಅಪಾಯಕಾರಿ ಕಾರ್ಯಕ್ರಮ ಅಂತ ಕರೆಯಿತು. ನಟರಲ್ಲಿ ಕೆಲವರಿಗೆ ಹದಿನೆಂಟು ತುಂಬಿರಲಿಲ್ಲ, ಹಾಗಾಗಿ ಮಕ್ಕಳ ಅಶ್ಲೀಲ ಚಿತ್ರಣದ ಕಾನೂನಿನ ಅಡಿ ತನಿಖೆ ಆಗಲಿ ಅಂದಿತು. ಟಾಕೊ ಬೆಲ್, ಜನರಲ್ ಮೋಟರ್ಸ್, ಸಬ್‌ವೇ ಥರದ ಕಂಪನಿಗಳು ಜಾಹೀರಾತು ವಾಪಸ್ ತೆಗೆದುಕೊಂಡವು. ಮೊದಲ ಕಂತನ್ನು ಸುಮಾರು 33 ಲಕ್ಷ ಜನ ನೋಡಿದ್ದರು, ಎರಡನೆಯದಕ್ಕೆ ಅದು ಸುಮಾರು 16 ಲಕ್ಷಕ್ಕೆ ಇಳಿಯಿತು. ಜೂನ್‌ನಲ್ಲಿ ಎಂಟಿವಿ ಈ ಧಾರಾವಾಹಿಗೆ ಬಾಗಿಲು ಹಾಕಿತು. ಇಷ್ಟು ಸಾಕು. ಇದರಲ್ಲಿ ನಿನಗೆ ಉಪಯೋಗಕ್ಕೆ ಬರುವ ವಿಷಯ ಒಂದೇ. ಒಂದು ಗುಂಪು ‘ಅಪಾಯ’ ಅಂದದ್ದನ್ನೇ ಇನ್ನೊಂದು ಗುಂಪು ‘ಸಪ್ಪೆ’ ಅಂದಿತು. ಒಂದೇ ಹತ್ತು ಕಂತು. ನೀನು ಎರಡನ್ನೂ ಬೇರೆ ಬೇರೆ ಪುಟದಲ್ಲಿ ಇಟ್ಟಿದ್ದೀಯ. ಅಕ್ಕಪಕ್ಕ ಕೂರಿಸಿದ್ದರೆ ಓದುವವರು ತಾವೇ ನಗುತ್ತಿದ್ದರು.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ಅಮೆರಿಕದ್ದರ ಎರಡನೇ ಕಂತು ನಿನ್ನ ಲೇಖನದಲ್ಲಿ ಎಲ್ಲಿ? ಬ್ರಿಟನ್ನಿನಲ್ಲಿ ಮ್ಯಾಕ್ಸಿ ಅಂತ ಸಲಿಂಗಿ ಹುಡುಗ ಇದ್ದ. ಅಮೆರಿಕದಲ್ಲಿ ಅವನನ್ನು ತೆಗೆದು ಟೀ ಅನ್ನುವ ಹುಡುಗಿಯನ್ನು ತಂದರು. ಚಿಯರ್‌ಲೀಡರ್. ಹುಡುಗಿಯರನ್ನು ಇಷ್ಟಪಡುವವಳು. ಅದು ಅವಳ ಕಂತು. ಅದಕ್ಕೆ ಬ್ರಿಸ್ಟಲ್‌ನಲ್ಲಿ ಅಚ್ಚು ಇರಲಿಲ್ಲ, ಬರೆಯುವವರು ಹೊಸದಾಗಿ ಯೋಚಿಸಲೇಬೇಕಾಯಿತು. ಸೋಫಿಯಾ ಬ್ಲ್ಯಾಕ್ ಡಿಎಲಿಯಾ ಆ ಪಾತ್ರದಲ್ಲಿ ಸುಮ್ನೆ ನಿಂತರೂ ಕಣ್ಣು ಅವಳ ಮೇಲೇ ಇರುತ್ತದೆ. ಬೈದವರಲ್ಲೂ ಎಷ್ಟೋ ಜನ "ಟೀ ಒಬ್ಬಳು ಪರವಾಗಿಲ್ಲ" ಅಂದರು. ಮುಂದೆ ಅವಳನ್ನು ಟೋನಿಗೆ ಗಂಟು ಹಾಕಿದ್ದಕ್ಕೆ ಸಿಟ್ಟಾದರು, ಅದೂ ನ್ಯಾಯವೇ. ನೀನು ಅವಳ ಬಗ್ಗೆ ಒಂದು ಸಾಲೂ ಬರೆದಿಲ್ಲ. ನೋಡಿಲ್ಲ ಅಂತ ನಾನು ನಂಬಲ್ಲ. ಬರೆದರೆ ನಿನ್ನ ವಾದ ಕೆಡುತ್ತದೆ, ಅದಕ್ಕೇ ಬಿಟ್ಟಿದ್ದೀಯ. ಈ ಚಾಳಿ ನನಗೂ ಇತ್ತು, ಹಾಗಾಗಿ ವಾಸನೆ ಬೇಗ ಹತ್ತುತ್ತದೆ.

‘ದಿ ಆಫೀಸ್’ ಅನ್ನುವ ಹಾಸ್ಯ ಧಾರಾವಾಹಿ ನೋಡಿದ್ದೀಯಲ್ಲ. ಅದೂ ಬ್ರಿಟನ್ನಿನಿಂದಲೇ ಹೋದದ್ದು. 2005ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ಕಂತು ಹೆಚ್ಚು ಕಡಿಮೆ ಬ್ರಿಟನ್ನಿನದೇ ಮಾತು, ಸಹೋದ್ಯೋಗಿಯ ಸ್ಟೇಪ್ಲರನ್ನು ಜೆಲ್ಲಿಯೊಳಗೆ ಹುದುಗಿಸಿಟ್ಟ ಜೋಕಿನ ಸಮೇತ. ಎರಡನೆಯದರಿಂದ ತಮ್ಮದೇ ಕಥೆ ಬರೆದರು. ಒಂಬತ್ತು ಸೀಸನ್ ಓಡಿತು. ಅಲ್ಲೂ ಎರಡನೇ ಕಂತು, ಇಲ್ಲೂ ಎರಡನೇ ಕಂತು. ಒಂದಕ್ಕೆ ಕಾಲಾವಕಾಶ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಬ್ರಿಟನ್ನಿನ ಎರಡನೇ ಸರಣಿಯಲ್ಲಿ ಸಿಡ್‌ನ ಅಪ್ಪ ಸಾಯುವ ಕಂತು ನಿನಗೆ ನೆನಪಿರಲೇಬೇಕು. ಆ ಅಪ್ಪನ ಪಾತ್ರ ಮಾಡಿದವನು ನಟ ಪೀಟರ್ ಕಪಾಲ್ಡಿ. ಬೆಳಿಗ್ಗೆ ಕುರ್ಚಿಯಲ್ಲಿ ಕೂತಲ್ಲೇ ಹೋಗಿರುತ್ತಾನೆ. ಹುಡುಗ ಯಾರಿಗೂ ಹೇಳುವುದಿಲ್ಲ. ದಿನವೆಲ್ಲ ಸುಮ್ಮನೆ ಓಡಾಡಿಕೊಂಡಿರುತ್ತಾನೆ. ರಾತ್ರಿ ಸಂಗೀತದ ಗದ್ದಲದ ನಡುವೆ ಟೋನಿಯ ತೋಳಿಗೆ ಬಿದ್ದು ಅಳುತ್ತಾನೆ. ಮಾತು ಕೇಳಿಸದ ಜಾಗದಲ್ಲಿ ಅಳು. ನಾನು ಎದ್ದು ನೀರು ಕುಡಿದು ಬಂದೆ. ಆ ಅಳು ನಮಗೆ ತಟ್ಟುವುದು ಅಷ್ಟೂ ಕಂತು ಅಪ್ಪ ಮಗ ಕಚ್ಚಾಡಿದ್ದನ್ನು ನೋಡಿದ್ದರಿಂದ. ಸ್ಟ್ಯಾನ್ಲಿಗೆ ಎರಡನೇ ಸರಣಿಯೇ ಸಿಗಲಿಲ್ಲ. ನೀನು ಮಾತ್ರ ಈ ದೃಶ್ಯವನ್ನು ತಂದು ಅಮೆರಿಕದವರ ಮೊದಲ ಕಂತಿನ ಪಕ್ಕ ಇಟ್ಟು ತೂಗಿದ್ದೀಯ. ಪುಟ ನಾಲ್ಕು, ಮೂರನೇ ಪ್ಯಾರಾ. ಅದು ನಿನ್ನ ಲೇಖನದಲ್ಲೇ ಚೆಂದದ ಪ್ಯಾರಾ, ಗೊತ್ತು. ತೆಗೆದುಬಿಡು.

ಪುಟಗಳ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದೇನೆ, ಸೋಮವಾರ ಅಂಚೆಗೆ ಹಾಕುತ್ತೇನೆ. ‘ಕೃತಕ’ ಅನ್ನುವ ಪದ ಹದಿನಾಲ್ಕು ಸಲ ಬಂದಿದೆ, ಎಣಿಸಿದ್ದೇನೆ. ಒಂದೊಂದರ ಪಕ್ಕದಲ್ಲೂ ‘ಎಲ್ಲಿ?’ ಅಂತ ಬರೆದಿದ್ದೇನೆ. ಹದಿನಾಲ್ಕಕ್ಕೂ ಉತ್ತರ ಬೇಡ. ಮೂರು ಸಿಕ್ಕರೂ ಸಾಕು. ಮತ್ತೆ ಶುರು ಮಾಡುವಾಗ ಆ ಕಂಬಳಿಯಿಂದ ಶುರು ಮಾಡು, ವಾರ್ಡನ್ ಬಂದರೇನೋ ಅಂತ ನೀವೆಲ್ಲ ಉಸಿರು ಬಿಗಿ ಹಿಡಿದ ರಾತ್ರಿಯಿಂದ.

ಅಮ್ಮನಿಗೆ ಕೇಳಿದೆ ಅಂತ ಹೇಳು. ಅವರು ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಮುಗಿಯುತ್ತಾ ಬಂತು ಅಂತಲೂ ಹೇಳು.

ನಿನ್ನ,
ಮೇಷ್ಟ್ರು