ಸಂಕವನ್ನು ಕೀಳಿಸಬೇಡಿ

ಕೋಪನ್‌ಹೇಗನ್

ತೀರ್ಥರೂಪರಾದ ಅಪ್ಪಯ್ಯನವರಿಗೂ ಮಾತೃಶ್ರೀ ಆಯಿಗೂ ಮಗಳ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ.

ಜುಲೈನಲ್ಲಿ ಮೊಮ್ಮಕ್ಕಳು ಶಿರಸಿಗೆ ಬರುತ್ತಾರೆಂದು ನೀವು ತೋಟದಲ್ಲಿ ನೀರು ಹರಿಯುವ ಕಾದಿಗೆಯನ್ನು ದಾಟಲು ಹಾಕಿದ ಅಡಿಕೆ ಮರದ ಸಂಕವನ್ನು ಕೀಳಿಸಿ, ಅಂಗಳದ ಸುತ್ತ ಬಲೆ ಕಟ್ಟಿಸಲಿದ್ದೀರೆಂದು ತಮ್ಮನು ಫೋನಿನಲ್ಲಿ ತಿಳಿಸಿದ. ದಯವಿಟ್ಟು ಹಾಗೆ ಮಾಡಿಸಬೇಡಿ. ಮೊಣಕಾಲುದ್ದದ ಕಾದಿಗೆಗೆ ಒಮ್ಮೆ ಜಾರಿದ ಮಗು ಮರುದಿನ ಪಾಚಿ ಎಲ್ಲಿದೆಯೆಂದು ತಾನೇ ನೋಡಿಕೊಂಡು ಕಾಲಿಡುತ್ತದೆ; ನಾವು ಹಿಂದಿನಿಂದ ಎಷ್ಟು ಕೂಗಿಕೊಂಡರೂ ಆ ಎಚ್ಚರ ಬರುವುದಿಲ್ಲ.

ಇಲ್ಲಿನವರಿಗೆ ಇದು ಹೊಸ ವಿಚಾರವೇನಲ್ಲ. ಜರ್ಮನ್ ಸೈನ್ಯ ಈ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿಯೇ, 1943ರಲ್ಲಿ, ಸೋರೆನ್‌ಸೆನ್ ಎಂಬ ಉದ್ಯಾನ ವಿನ್ಯಾಸಕಾರರ ಕಲ್ಪನೆಯಂತೆ ಈ ನಗರದ ಎಮ್‌ಡ್ರಪ್ ಭಾಗದಲ್ಲಿ ಒಂದು ಆಟದ ಬಯಲು ತೆರೆಯಿತು. ಅಲ್ಲಿ ಜಾರುಬಂಡೆ, ಉಯ್ಯಾಲೆಗಳ ಬದಲು ಹಳೆಯ ಹಲಗೆ, ಮೊಳೆ, ಸುತ್ತಿಗೆಗಳನ್ನೇ ಮಕ್ಕಳ ಕೈಗೆ ಕೊಟ್ಟರು; ಹಿರಿಯರೊಬ್ಬರು ಜೊತೆಗಿರುತ್ತಿದ್ದರು, ಅಷ್ಟೆ. ನಮ್ಮ ಮಾಣಿಯೂ ಶಿಶುವಿಹಾರದಲ್ಲಿ ಚಾಕುವಿನಿಂದ ಕೋಲು ಹೆರೆಯುತ್ತಾನೆ. ಕುಳಿತೇ ಹೆರೆಯಬೇಕು, ಅಲಗು ಮೈಯಿಂದ ಆಚೆಗೇ ಸರಿಯಬೇಕು, ಎದ್ದು ನಿಲ್ಲುವ ಮೊದಲು ಚಾಕು ಒರೆಗೆ ಹೋಗಬೇಕು. ಈ ಕಟ್ಟಳೆಯನ್ನು ಅವನು ಈಗ ನನಗೇ ಹೇಳಿಕೊಡುತ್ತಾನೆ!

ಮಳೆಗಾಲವಾದ್ದರಿಂದ ಉಂಬಳ ಕಚ್ಚಿಯೇ ಕಚ್ಚುತ್ತದೆ, ಕಚ್ಚಲಿ. ಎಳೆದು ಕೀಳದೆ, ಉಗುರಿನಿಂದ ಅದರ ಬಾಯಿಯನ್ನು ಮೆಲ್ಲಗೆ ಎಬ್ಬಿಸಿ ಬಿಡಿಸುವುದನ್ನು ಆಯಿ ಮಕ್ಕಳ ಕೈಯಿಂದಲೇ ಮಾಡಿಸಲಿ. ಉಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಅದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆಂದು ಮೊದಲೇ ಹೇಳಿಟ್ಟರೆ ಕೂಸು ಹೆದರುವುದಿಲ್ಲ. ಕೆಸುವಿನ ದಂಟು ಮುರಿದು ಕೈ ತುರಿಸಿಕೊಂಡರೂ, ಚಗಳಿ ಇರುವೆಯಿಂದ ಕಚ್ಚಿಸಿಕೊಂಡರೂ ನನ್ನ ತಕರಾರಿಲ್ಲ.

ಆದರೆ ಮಗುವಿನ ಕಣ್ಣಿಗೆ ಕಂಡು, ತಪ್ಪಿದರೆ ತರಚು ಗಾಯದಲ್ಲಿ ಮುಗಿಯುವ ಅಪಾಯ ಬೇರೆ. ಗೊತ್ತೇ ಆಗದಂತಿದ್ದು ಜೀವಕ್ಕೆ ಎರವಾಗುವ ಅಪಾಯ ಬೇರೆ. ಕೊಟ್ಟಿಗೆಯ ಹಿಂದಿನ ಕಟ್ಟೆಯಿಲ್ಲದ ಬಾವಿ, ಪಂಪ್‌ಸೆಟ್ಟಿನ ಜೋಡಿಸಿದ ವೈರು, ಹಾವು ಅಡಗುವ ಒಣ ಎಲೆಯ ದರಕಿನ ರಾಶಿ, ಇವುಗಳ ಬಳಿ ಮಕ್ಕಳು ಸುಳಿಯಕೂಡದು. ಎಲ್ಲಕ್ಕಿಂತ ಹೆಚ್ಚಾಗಿ, ಅಡಿಕೆಯ ಕೊಳೆರೋಗದ ಔಷಧಿಗೆಂದು ತಂದಿಟ್ಟ ಮೈಲುತುತ್ತವನ್ನು ಬೀಗ ಹಾಕಿಡಿ. ನೀಲಿ ಕಲ್ಲುಸಕ್ಕರೆಯಂತೆ ಹೊಳೆಯುವ ಆ ಹರಳನ್ನು ಯಾವ ಮಗುವಾದರೂ ಬಾಯಿಗೆ ಹಾಕೀತು. ಅಡಿಕೆ ಸುಲಿಯುವ ಮೆಟ್ಟುಗತ್ತಿಯೂ ಅವರ ವಯಸ್ಸಿಗೆ ತಕ್ಕುದಲ್ಲ. ಹೇಗೂ ಅದು ಸುಲಿತದ ಕಾಲವಲ್ಲವಾದ್ದರಿಂದ ಅಟ್ಟದ ಮೇಲಿರಲಿ.

ಬಲೆಗೆಂದು ತೆಗೆದಿಟ್ಟ ಹಣದಲ್ಲಿ ಬಾವಿಗೆ ಕಬ್ಬಿಣದ ಜಾಲರಿ ಮಾಡಿಸಿ. ಕಡಿಮೆ ಬಿದ್ದರೆ ತಿಳಿಸಿ, ಕಳಿಸುತ್ತೇನೆ.

ಇತಿ ನಿಮ್ಮ ಮಗಳು